ಲಾಭ, ಎರಡು, ಮೂರು

ನಮ್ಮೂರ ಕಡೆ ಕೂಸಿಗೆ ಸ್ನಾನ ಮಾಡಿಸೋದು ಅನ್ನೋದಿಲ್ಲ, ಎರೆಯೋದು ಅಂತಾರೆ. "ಕೂಸಿಗೆ ಎರೆದ್ರಾ?" ಅಂತ ಬೇಲಿ ಆಚೆಯಿಂದ ಯಾರಾದರೂ ಕೇಳಿದರೆ ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ, ಆಮೇಲಿನ ಗಡದ್ದು ನಿದ್ದೆ ಎಲ್ಲವೂ ಆ ಒಂದು ಮಾತಿನಲ್ಲೇ ಬಂದುಬಿಡುತ್ತಿತ್ತು. ಮೊನ್ನೆ ಅಕ್ಕ ತಿಪಟೂರಿನಿಂದ ಫೋನ್ ಮಾಡಿದವಳು ಬಾಣಂತಿ ಹೇಗಿದ್ದಾಳೆ ಅಂತಲೂ ಕೇಳದೆ ಮೊದಲು ಕೇಳಿದ್ದು ಅದನ್ನೇ. ನನ್ನ ಮಗಳು ಹೆತ್ತು ಅಂದಿಗೆ ಹನ್ನೆರಡು ದಿನ.

"ಇನ್ನೂ ಎರೆದಿಲ್ಲ ಕಣಕ್ಕ. ಹೊಕ್ಕುಳು ಬಿದ್ದಿಲ್ಲ. ಒದ್ದೆ ಬಟ್ಟೇಲಿ ಒರೆಸ್ತಾ ಇದೀವಿ" ಅಂದೆ.

ಆ ಕಡೆ ಮಾತಿಲ್ಲ. ಆಮೇಲೆ, "ನೀರಜ್ಜಿ ಇದ್ದಿದ್ರೆ ನಿಮ್ಮನ್ನೆಲ್ಲ ಸೇರಿಸಿ ಹಂಡೆ ಒಲೆಗೆ ಹಾಕೋಳು" ಅಂದಳು. ಇಬ್ಬರೂ ನಗಲು ಶುರು ಮಾಡಿದೆವು. ಫೋನ್ ಇಡುವ ಹೊತ್ತಿಗೆ ಒಂದು ಗಂಟೆಯಾಗಿತ್ತು. ಮಗಳು ಒಳಗಿನಿಂದ ಬಂದು, "ಅಷ್ಟೊತ್ತು ಏನಮ್ಮ ಮಾತಾಡಿದ್ರಿ?" ಅಂದಳು. ನೀರಿನ ವಿಷಯ ಅಂದೆ. ಅವಳು ಕಾವೇರಿ ನೀರು ಬಂದಿಲ್ಲವೇನೋ ಅಂದುಕೊಂಡು ನಲ್ಲಿ ತಿರುಗಿಸಿ ನೋಡಿದಳು.

ನೀರಜ್ಜಿ ನಮ್ಮ ಸ್ವಂತ ಅಜ್ಜಿಯಲ್ಲ. ನೊಣವಿನಕೆರೆ ಹೋಬಳಿಯ ನಮ್ಮ ಹಳ್ಳಿಯಲ್ಲಿ ಮೂರು ಮನೆ ಆಚೆ ಇದ್ದವಳು. ಅವಳ ನಿಜವಾದ ಹೆಸರು ಹಿಡಿದು ಕರೆದದ್ದನ್ನು ನಾನಂತೂ ಕೇಳಿಲ್ಲ. ಊರಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಮೂರು ತಿಂಗಳು ಎರೆಯುವವಳು ಅವಳೇ, ಹಾಗಾಗಿ ಮಕ್ಕಳ ಬಾಯಲ್ಲಿ ನೀರಜ್ಜಿ ಆಗಿದ್ದಳು. ಅಕ್ಕನಿಗೆ ಎರೆದಿದ್ದಳು, ನನಗೆ ಎರೆದಿದ್ದಳು, ನನ್ನ ತಂಗಿ ಹುಟ್ಟಿದಾಗ ನನಗೆ ಏಳು ವರ್ಷ. ಆಗ ಅವಳು ಎರೆಯುವುದನ್ನು ನಾವಿಬ್ಬರೂ ಬಚ್ಚಲ ಹೊಸಲಿನ ಮೇಲೆ ಕೂತು ದಿನಾ ನೋಡಿದೆವು. ಸಿನಿಮಾ ನೋಡಲು ತಿಪಟೂರಿಗೇ ಹೋಗಬೇಕಾಗಿದ್ದ ಕಾಲ. ನಮಗೆ ಇದೇ ಸಿನಿಮಾ.

ತಂಗಿ ಹುಟ್ಟಿದ್ದು ಕೊಬ್ಬರಿ ಇಳಿಸುವ ಕಾಲದಲ್ಲಿ. ಆ ಸೀಮೆಯಲ್ಲಿ ಕಾಲ ಹೇಳುವುದೇ ಹಾಗೆ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿದರೆ ಎಂಟರಿಂದ ಹನ್ನೆರಡು ತಿಂಗಳು ಅದು ಅಲ್ಲೇ ಕೂತಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ ಕಳಚಿಕೊಳ್ಳಬೇಕು. ಬಿಸಿಲಿಗೆ ಹಾಕುವುದಿಲ್ಲ, ಬೆಂಕಿಗೆ ಒಡ್ಡುವುದಿಲ್ಲ. ನಾವು ಏಣಿ ಹತ್ತಿ ಹೋಗಿ ಕಾಯಿ ಅಲ್ಲಾಡಿಸಿ ಕಿವಿಗಿಟ್ಟುಕೊಳ್ಳುತ್ತಿದ್ದೆವು. ಮೊದಲ ತಿಂಗಳುಗಳಲ್ಲಿ ಕುಳುಕುಳು, ನಡುವೆ ಎಷ್ಟೋ ದಿನ ಏನೂ ಕೇಳಿಸುವುದಿಲ್ಲ, ಕೊನೆಗೊಂದು ದಿನ ಗಡಗಡ. ಆ ವರ್ಷದ ಕಾಯಿ ಅಟ್ಟ ಸೇರಿದ ಹೊತ್ತಿಗೇ ಅಮ್ಮನಿಗೆ ತಿಂಗಳು ನಿಂತಿತ್ತಂತೆ. ಕಾಯಿ ಗಡಗಡ ಅನ್ನುವ ಹೊತ್ತಿಗೆ ಕೆಳಗಡೆ ಕೋಣೆಯಲ್ಲಿ ತಂಗಿ ಅಳುತ್ತಿದ್ದಳು.

ಅವಳಿಗೆ ಹಚ್ಚಿದ ಎಣ್ಣೆಯೂ ಆ ಅಟ್ಟದ್ದೇ. ಅದರಲ್ಲೊಂದು ತಮಾಷೆ ಇದೆ. ತಿಪಟೂರಿನ ಉಂಡೆ ಕೊಬ್ಬರಿ ಎಣ್ಣೆ ತೆಗೆಯುವುದಕ್ಕೆ ಹೋಗುವ ಸರಕಲ್ಲ. ಉತ್ತರದ ಕಡೆಯ ಜನ ತಿನ್ನುವುದಕ್ಕೆ, ಸಿಹಿಗೆ, ಪೂಜೆಗೆ, ಮದುವೆಗೆ ಅಂತ ಕೊಳ್ಳುವ ಮಾಲು. ಹರಾಜಿಗೆ ಹೋಗುವುದು ದುಂಡಗಿನ, ಬಿರುಕಿಲ್ಲದ ಗಿಟಕು. ಒಡೆದದ್ದು, ಚೂರಾದದ್ದು ಮನೆಗೆ, ಗಾಣಕ್ಕೆ. ಅಂದರೆ ಊರ ತುಂಬ ತೆಂಗಿದ್ದರೂ ನಮ್ಮ ಕೂಸುಗಳ ಮೈಗೆ ಬೀಳುತ್ತಿದ್ದದ್ದು ಒಡಕು ಕೊಬ್ಬರಿಯ ಎಣ್ಣೆ! ನೀರಜ್ಜಿ ಆ ಎಣ್ಣೆಯನ್ನು ಹಚ್ಚುವ ಮೊದಲು ಅಂಗೈಗೆ ಸುರಿದುಕೊಂಡು ಮೂಸುವಳು. ಕೌಟು ವಾಸನೆ ಒಂದಿಷ್ಟು ಹೊಡೆದರೂ, "ಇದುನ್ನ ದೀಪುಕ್ಕೆ ಹಾಕ್ಕಳಿ" ಅಂತ ಬಟ್ಟಲು ತಳ್ಳಿಬಿಡುವಳು.

ಎರೆಯುವುದಕ್ಕೆ ಹೊತ್ತು ಗೊತ್ತಿತ್ತು. ಬಿಸಿಲು ಹಿತ್ತಲ ಗೋಡೆ ಇಳಿದು ಬಚ್ಚಲ ಹೊಸಲು ಮುಟ್ಟಬೇಕು. ಅದಕ್ಕೆ ಮುಂಚೆ ಆಗದು, ಕೂಸಿಗೆ ಥಂಡಿ. ತೀರಾ ತಡವಾದರೂ ಆಗದು, ಹಸಿದು ರಚ್ಚೆ ಹಿಡಿಯುತ್ತದೆ. ಹಾಲು ಕುಡಿದ ತಕ್ಷಣವೂ ಬೇಡ, ಕಕ್ಕುತ್ತದೆ. ಬಿಸಿಲು ಗೋಡೆಯ ಅರ್ಧಕ್ಕೆ ಬಂದಾಗಲೇ ಒಲೆ ಹಚ್ಚುವ ಕೆಲಸ ನನ್ನದು. ಮೊದಲು ಒಣಗಿದ ಗರಿ, ಅದು ಭರ್ ಅಂತ ಹತ್ತಿಕೊಂಡ ಮೇಲೆ ಕಾಯಿಮಟ್ಟೆ, ಕೊನೆಗೆ ಚಿಪ್ಪು. ಚಿಪ್ಪಿನ ಕೆಂಡ ಬಹಳ ಹೊತ್ತು ನಿಲ್ಲುತ್ತದೆ, ಸಾಂಬ್ರಾಣಿಗೂ ಅದೇ ಆಗುತ್ತದೆ. ಬಾವಿಯಿಂದ ತಣ್ಣೀರು ಸೇದುವುದು ಅಕ್ಕನ ಕೆಲಸ. ಬಾಗಿಲು ಮುಚ್ಚಿ ಗಾಳಿ ತಡೆಯುವುದು, ಅಮ್ಮನ ಹಳೇ ಸೀರೆಯ ತುಂಡನ್ನು ಹಂಡೆಯ ಮುಚ್ಚಳದ ಮೇಲೆ ಹರವಿ ಬೆಚ್ಚಗೆ ಇಡುವುದು ಇಬ್ಬರದೂ.

ನೀರಜ್ಜಿ ಬಂದವಳು ಮೊದಲು ತನ್ನ ಕೈ ತೊಳೆಯುವಳು. ಬೆರಳಲ್ಲೊಂದು ಬೆಳ್ಳಿ ಉಂಗುರ. ಅದನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಳು. ಮಣೆಯ ಮೇಲೆ ಕೂತು, ಸೀರೆ ಮೊಣಕಾಲ ತನಕ ಎತ್ತಿ, ಎರಡೂ ಕಾಲು ಚಾಚಿ ಜೋಡಿಸಿದಳೆಂದರೆ ಅದೇ ತೊಟ್ಟಿ. ಕೂಸನ್ನು ಆ ಕಾಲಿನ ಕಣಿವೆಯಲ್ಲಿ ತಲೆ ಪಾದದ ಕಡೆಗೆ ಬರುವಂತೆ ಅಂಗಾತ ಮಲಗಿಸುವಳು. ಆಮೇಲೆ ಬೋಸಿಯ ನೀರಿಗೆ ಅಂಗೈ ಅಲ್ಲ, ಮೊಣಕೈ ಅದ್ದುವಳು. ಯಾಕಜ್ಜಿ ಅಂತ ನಾನು ಕೇಳಿದ್ದೆ. "ಈ ಕೈ ಒಲೆ ಕೆದಕಿ ಕೆದಕಿ ಸತ್ತೈತೆ ಮಗ. ಇದುಕ್ಕೆ ಏನು ಗೊತ್ತಾಯ್ತದೆ? ಮೊಣಕೈ ಇನ್ನೂ ಕೂಸು" ಅಂದಿದ್ದಳು.

ಮೊದಲ ಚೊಂಬು ಕಾಲಿಗೆ. ಆಮೇಲೆ ಹೊಟ್ಟೆ, ಎದೆ. ಬೋರಲು ಮಲಗಿಸುವಾಗ ಎಡಗೈಯ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಗದ್ದ ನಿಂತಿರಬೇಕು, ಮೂಗು ಬಾಯಿ ಎಲ್ಲಿಗೂ ಒತ್ತಬಾರದು. ತಲೆ ಕೊನೆಗೆ. ತಲೆಗೆ ಹುಯ್ಯುವಾಗ ಹಣೆಯ ಮೇಲೆ ಅಂಗೈಯನ್ನು ಸೂರಿನಂತೆ ಅಡ್ಡ ಹಿಡಿಯುವಳು. ನೀರು ಆ ಸೂರಿನ ಅಂಚಿನಿಂದ ಆಚೆ ಈಚೆ ಇಳಿದುಹೋಗುತ್ತಿತ್ತೇ ಹೊರತು ಕಣ್ಣಿಗೆ ಹನಿ ಬೀಳುತ್ತಿರಲಿಲ್ಲ. ಸೀಗೆಪುಡಿ ಕೂಸಿಗಿಲ್ಲ, ಕಣ್ಣುರಿ ಅಂತ. ಎಣ್ಣೆ ಜಿಡ್ಡು ತೆಗೆಯಲು ಕಡಲೆಹಿಟ್ಟು, ಅದೂ ಜರಡಿ ಹಿಡಿದದ್ದು.

ಇಷ್ಟೂ ನಡೆಯುವಾಗ ಅವಳು ಚೊಂಬು ಎಣಿಸುವಳು. ಒಂದು ಅನ್ನುತ್ತಿರಲಿಲ್ಲ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ಹೇಗೆ ಲಾಭ ಅನ್ನುತ್ತಾರೋ ಹಾಗೆ, ಮೊದಲ ಚೊಂಬಿಗೆ "ಲಾಭ". ಆಮೇಲೆ ಎರಡು, ಮೂರು, ನಾಕು. ಇಪ್ಪತ್ತಕ್ಕೆ ಮುಗಿಯಲೇಬೇಕು. ಕೂಸು ನಗಲಿ ಅಳಲಿ, ಇಪ್ಪತ್ತೊಂದನೆಯ ಚೊಂಬು ಇಲ್ಲ. ನಾವೂ ಹೊಸಲ ಮೇಲಿಂದ ಜೊತೆಗೆ ಕೂಗುತ್ತಿದ್ದೆವು. ಇದು ಶಾಸ್ತ್ರ ಅಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಹೊಳೆಯಿತು, ಅದು ಗಡಿಯಾರ. ಬಚ್ಚಲಲ್ಲಿ ಗಡಿಯಾರವಿಲ್ಲ, ಅವಳಿಗೆ ನೋಡಲೂ ಬರುತ್ತಿರಲಿಲ್ಲ. ಒದ್ದೆ ಮೈಯ ಕೂಸು ಎಷ್ಟು ಬೇಗ ತಣ್ಣಗಾಗುತ್ತದೆ ಅನ್ನುವುದು ಮಾತ್ರ ಅವಳಿಗೆ ಗೊತ್ತಿತ್ತು. ಈಗ ಡಾಕ್ಟರು ಐದು ನಿಮಿಷದೊಳಗೆ ಮುಗಿಸಿ ಅನ್ನುವುದನ್ನೇ ಅವಳು ಇಪ್ಪತ್ತು ಚೊಂಬು ಅನ್ನುತ್ತಿದ್ದಳು.

ಒರೆಸುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಬೆಚ್ಚಗಿನ ಸೀರೆ ತುಂಡಿನಲ್ಲಿ ಮೊದಲು ತಲೆ. ಆಮೇಲೆ ಕತ್ತಿನ ಸಂದಿ, ಕಿವಿಯ ಹಿಂದೆ, ಕಂಕುಳು, ತೊಡೆಯ ಮಡಿಕೆ, ಮುಚ್ಚಿದ ಮುಷ್ಟಿಯೊಳಗಿನ ಬೆರಳುಗಳ ನಡುವೆ. ಉಜ್ಜುವುದಲ್ಲ, ಒತ್ತಿ ಒತ್ತಿ ತೆಗೆಯುವುದು. "ಹಸಿ ಉಳಿದ್ರೆ ಕೊಬ್ರಿ ಬೂಸ್ಲು ಹಿಡೀತದೆ. ಕೂಸಿನ ಸಂದೀನೂ ಅಂಗೇ" ಅನ್ನುವಳು. ನನ್ನ ಮಟ್ಟಿಗೆ ಇದಕ್ಕಿಂತ ಚೆನ್ನಾಗಿ ಆ ವಿಷಯವನ್ನು ಯಾವ ಪುಸ್ತಕವೂ ಹೇಳಿಲ್ಲ.

ಅಂಥವಳು ಒಂದು ದಿನ ಇರಲಿಲ್ಲ. ಆ ದಿನದ ಗುರುತು ನನ್ನ ಎಡ ತೊಡೆಯ ಮೇಲೆ ಇವತ್ತಿಗೂ ಇದೆ, ವೀಳ್ಯದೆಲೆಯ ತುದಿಯಷ್ಟು. ನಾನು ಎರಡು ತಿಂಗಳ ಕೂಸು. ನೀರಜ್ಜಿ ಮಗಳ ಮನೆಗೆ ಚಿಕ್ಕನಾಯಕನಹಳ್ಳಿ ಕಡೆ ಹೋಗಿದ್ದಳು. ಮನೆಯಲ್ಲಿ ಕಾಯಿ ಸುಲಿಯುವ ಆಳುಗಳು, ಅವರಿಗೆ ಮುದ್ದೆ ಬೇಯಿಸುವ ಗಡಿಬಿಡಿ. ಆರು ವರ್ಷದ ಅಕ್ಕ ಹಂಡೆಯಿಂದ ಬೋಸಿಗೆ ಬಿಸಿನೀರು ತೋಡಿಟ್ಟು ಬೆರೆಸಲು ತಣ್ಣೀರು ತರಲು ಹೋದಳು. ಅಷ್ಟರಲ್ಲಿ ದೊಡ್ಡಮ್ಮ ಬಂದು ಕೂತು, ಬೆರೆಸಿಟ್ಟಿದ್ದಾರೆ ಅಂದುಕೊಂಡು ಒಂದು ಚೊಂಬು ಎತ್ತಿ ಹುಯ್ದರು. ನನ್ನ ಕಿರುಚು ತೋಟದ ತನಕ ಕೇಳಿಸಿತಂತೆ. ಸುಟ್ಟ ಗಾಯಕ್ಕೆ ಶಾಯಿ ಹಚ್ಚುವುದು ಆಗಿನ ವೈದ್ಯ. ಯಾರೋ ಅಪ್ಪನ ಮೇಜಿನಿಂದ ಬಾಟಲಿ ತಂದು ಸುರಿದರು. ಸಂಜೆ ತಿಪಟೂರಿನಲ್ಲಿ ಡಾಕ್ಟರ ಮುಂದೆ ನನ್ನನ್ನು ಬಿಚ್ಚಿದಾಗ ಅವರಿಗೆ ಗಾಯವೇ ಕಾಣಲಿಲ್ಲವಂತೆ, ತೊಡೆಯೆಲ್ಲ ನೀಲಿ. ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಸಿದ್ದರೆ ಕಲೆಯೂ ಉಳಿಯುತ್ತಿರಲಿಲ್ಲವೋ ಏನೋ.

ದೊಡ್ಡಮ್ಮ ಬದುಕಿರುವ ತನಕ ನನ್ನ ತೊಡೆ ನೆನೆದು ಅತ್ತರು. ಅಕ್ಕ ಮಾತ್ರ ಈ ಕತೆಯನ್ನು ಪ್ರತಿ ಸಲವೂ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: "ಬೆರೆಸಿಲ್ಲ ಅಂತ ನಾನು ಕೂಗಿ ಹೇಳಿದ್ದೆ." ಹೇಳಿದ್ದಳೋ ಇಲ್ಲವೋ, ಆರು ವರ್ಷದ ಹುಡುಗಿಯ ಮಾತು ಯಾರ ಕಿವಿಗೆ ಬೀಳುತ್ತದೆ. ನೀರಜ್ಜಿ ಊರಿಂದ ಬಂದವಳು ಯಾರನ್ನೂ ಬೈಯಲಿಲ್ಲವಂತೆ. ಖಾಲಿ ಬೋಸಿ ತಂದು ಅಕ್ಕನ ಮುಂದಿಟ್ಟು, "ಮೊದ್ಲು ತಣ್ಣೀರು, ಮ್ಯಾಕೆ ಬಿಸ್ನೀರು. ಇನ್ನೊಂದು ಸಲ ಹೇಳು" ಅಂತ ಅವಳ ಬಾಯಲ್ಲೇ ಹೇಳಿಸಿದಳಂತೆ. ಹಾಗೆ ಮಾಡಿದರೆ ಅರ್ಧದಲ್ಲಿ ಯಾರು ಬಂದು ಕೈ ಹಾಕಿದರೂ ಬೋಸಿಯಲ್ಲಿರುವುದು ತಣ್ಣೀರೇ. ಮೊನ್ನೆ ಬೆಂಗಳೂರಿನ ಆಸ್ಪತ್ರೆಯಲ್ಲಿ ನರ್ಸಮ್ಮ ಮಗಳಿಗೆ ಅದೇ ಮಾತು ಹೇಳಿಕೊಟ್ಟಾಗ ನಾನು ಸೀರೆಯ ಮೇಲಿಂದಲೇ ತೊಡೆ ಮುಟ್ಟಿಕೊಂಡೆ.

ಎಲ್ಲದರಲ್ಲೂ ನೀರಜ್ಜಿಯೇ ಸರಿ ಅಂತಲ್ಲ. ಕೂಸಿನ ಕಿವಿಗೂ ಮೂಗಿಗೂ ಎಣ್ಣೆ ಬಿಡುತ್ತಿದ್ದಳು. ನಮ್ಮ ಚಿಕ್ಕಪ್ಪನ ಮಗನಿಗೆ ಅದರಿಂದಲೋ ಏನೋ ಕಿವಿ ಸೋರುವುದು ಐದು ವರ್ಷವಾದರೂ ನಿಲ್ಲಲಿಲ್ಲ. ಹೊಕ್ಕುಳಿಗೆ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚುತ್ತಿದ್ದಳು. ಮೂಗು ನೆಟ್ಟಗಾಗಲಿ ಅಂತ ಚಿವುಟಿ ಚಿವುಟಿ ಎಳೆಯುತ್ತಿದ್ದಳು. ಅಕ್ಕನ ಮೂಗನ್ನೂ ಎಳೆದಿದ್ದಳು, ನನ್ನದನ್ನೂ ಎಳೆದಿದ್ದಳು. ಅಕ್ಕನದು ನೆಟ್ಟಗಿದೆ, ನನ್ನದು ನೋಡಿದವರಿಗೆ ಗೊತ್ತು. ಕೊನೆಗೆ ಚಿಪ್ಪಿನ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಕಿಟಕಿಯಿಲ್ಲದ ಬಾಣಂತಿ ಕೋಣೆಯಲ್ಲಿ ಕೂಸನ್ನು ಆ ಹೊಗೆಯ ಮೇಲೆ ಆಡಿಸುವಳು. ಆ ವಾಸನೆ ಬಂದರೆ ನನಗೆ ಇವತ್ತಿಗೂ ಕಣ್ಣು ಎಳೆಯುತ್ತದೆ. ಆದರೆ ಹದಿನೈದು ದಿನದ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ. ಮಗಳ ಮನೆಗೆ ಸಾಂಬ್ರಾಣಿ ಪೊಟ್ಟಣ ಕಟ್ಟಿಕೊಂಡು ಬಂದಿದ್ದೆ. ಬೀರುವಿನಲ್ಲಿ ಬಟ್ಟೆಗಳ ನಡುವೆ ಇಟ್ಟಿದ್ದೇನೆ.

ಹುಟ್ಟಿದ ದಿನವೇ ಎರೆಯುವುದಂತೂ ಆಗ ಎಲ್ಲರ ಪದ್ಧತಿ. ಗರ್ಭದಿಂದ ಬಂದ ಬೆಳ್ಳಗಿನ ಜಿಡ್ಡನ್ನು ಉಜ್ಜಿ ಉಜ್ಜಿ ತೆಗೆದರೇ ಸಮಾಧಾನ. ಆ ಜಿಡ್ಡೇ ಕೂಸಿನ ಚರ್ಮಕ್ಕೆ ರಕ್ಷೆ, ಅದು ತಾನಾಗಿ ಮೈಗೆ ಇಂಗಬೇಕು ಅಂತ ಈಗ ಗೊತ್ತಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲೇ ಮೊದಲ ಸ್ನಾನವನ್ನು 24 ಗಂಟೆ ಮುಂದೂಡಿ ಅಂದಿತು. ಅಷ್ಟು ಹೊತ್ತು ತಾಯಿಯ ಎದೆಗೆ ಮೈ ತಾಗಿಸಿ ಬೆಚ್ಚಗಿಟ್ಟರೆ ಸಾಕು. ಹೊಕ್ಕುಳಿಗೆ ಏನೂ ಬೇಡ, ಒಣಗಿರಲಿ. ತೂಕ ಕಡಿಮೆ ಇದ್ದ ಕೂಸಿಗಂತೂ ಬೇಗ ಎರೆಯುವ ಮಾತೇ ಇಲ್ಲ. ಹೊಕ್ಕುಳಬಳ್ಳಿ ಉದುರುವ ತನಕ, ಸಾಮಾನ್ಯವಾಗಿ ಒಂದೆರಡು ವಾರ, ಒರೆಸಿದರೆ ಆಯಿತು. ಆಮೇಲೂ ದಿನಾ ಎರೆಯಲೇಬೇಕು ಅಂತಿಲ್ಲವಂತೆ, ವಾರಕ್ಕೆ ಎರಡು ಮೂರು ಸಲ ಸಾಕಂತೆ. ಇದನ್ನು ಅಕ್ಕನಿಗೆ ಹೇಳಿದೆ. "ಅಂಗಾದ್ರೆ ಉಳಿದ ದಿನ ನೀವು ಬೆಳಗ್ಗೆ ಎದ್ದು ಏನ್ ಮಾಡ್ತೀರಿ?" ಅಂದಳು. ಹೌದಲ್ಲ, ಆಗ ಮನೆ ಮಂದಿಗೆಲ್ಲ ಬೆಳಗಿನ ಕೆಲಸವೇ ಅದಾಗಿತ್ತು.

ನೀರಜ್ಜಿಯಂಥವರು ನಮ್ಮ ಜಿಲ್ಲೆಯ ಊರೂರಿನಲ್ಲಿದ್ದರು. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅಕ್ಕ ಪೇಪರಿನ ಫೋಟೋ ಕತ್ತರಿಸಿ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದಳು. ಕಾಸು ಕೇಳದೆ ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿ ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ನೀರಜ್ಜಿ ಹೆರಿಗೆ ಮಾಡಿಸುತ್ತಿರಲಿಲ್ಲ, ಅದಕ್ಕೆ ಬೇರೆಯವರಿದ್ದರು. ಇವಳದು ಬರೀ ನೀರು. ಮೂರು ತಿಂಗಳ ಮುಗಿವಿಗೆ ಒಂದು ಸೀರೆ, ಕುಪ್ಪಸದ ಕಣ, ಐದು ತೆಂಗಿನಕಾಯಿ, ಒಂದಿಷ್ಟು ರಾಗಿ. ಕೊಡದಿದ್ದವರ ಮನೆಗೂ ಮುಂದಿನ ಕೂಸಿಗೆ ಬರುತ್ತಿದ್ದಳು.

ಕಾಲ ಬದಲಾದದ್ದೂ ಬಚ್ಚಲಲ್ಲೇ ಕಾಣಿಸಿತು. ಸರ್ಕಾರ 2007ರಲ್ಲಿ ಮಡಿಲು ಯೋಜನೆ ತಂದಾಗ, ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ಬಾಣಂತಿಯರಿಗೆ ಒಂದು ಚೀಲ ಕೊಡುತ್ತಿದ್ದರು. ನಮ್ಮ ಊರಿನ ಮನೆಗೆ ಕೆಲಸಕ್ಕೆ ಬರುತ್ತಿದ್ದವಳ ಸೊಸೆಗೆ ಬಂದ ಚೀಲವನ್ನು ಅಕ್ಕ ಬಿಚ್ಚಿ ನೋಡಿದ್ದಳು. ಸೊಳ್ಳೆಪರದೆ, ಹೊದಿಕೆ, ಕೂಸಿನ ಸೋಪು, ಸ್ವೆಟರು, ಟೋಪಿ, ಎಲ್ಲದರ ನಡುವೆ ಒಂದು ಬಾಟಲಿ ಕೊಬ್ಬರಿ ಎಣ್ಣೆ. "ತಿಪಟೂರಿನೋರಿಗೆ ಕೊಬ್ಬರಿ ಎಣ್ಣೆ ಕೊಡೋಕೆ ಎಷ್ಟು ಧೈರ್ಯ" ಅಂತ ಅಕ್ಕ ವಾರವಿಡೀ ನಕ್ಕಳು. ಆಮೇಲೆ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬರತೊಡಗಿದರು. ಹೆರಿಗೆಯಾದ ಮೂರನೆಯ ದಿನ, ಏಳನೆಯ ದಿನ, ಹೀಗೆ 42ನೆಯ ದಿನದ ತನಕ ಬಂದು ಕೂಸಿನ ತೂಕ, ಮೈ ಬಿಸಿ, ಹೊಕ್ಕುಳು ನೋಡಿ ಹೋಗುತ್ತಾರೆ. ನೀರಜ್ಜಿಯೂ ದಿನಾ ಕೂಸನ್ನು ಬಿಚ್ಚಿ ನೋಡುತ್ತಿದ್ದಳಲ್ಲ. ತಂಗಿಯ ಕಣ್ಣು ಹಳದಿ ತಿರುಗಿದೆ ಅಂತ ಎಲ್ಲರಿಗಿಂತ ಮೊದಲು ಹೇಳಿದ್ದು ಅವಳೇ. ಅವತ್ತು ಎರೆಯದೆ ಎದ್ದು ನಿಂತು, "ಗಾಡಿ ಕಟ್ಸಿ" ಅಂದಿದ್ದಳು.

ಬಚ್ಚಲ ಮೋರಿಯ ನೀರು ಹೋಗುತ್ತಿದ್ದದ್ದು ಹಿತ್ತಲ ಒಂದು ತೆಂಗಿನ ಬುಡಕ್ಕೆ. ಮೂರು ತಲೆಮಾರಿನ ಕೂಸುಗಳ ಎಣ್ಣೆ, ಕಡಲೆಹಿಟ್ಟು, ಉಚ್ಚೆ ಎಲ್ಲ ಕುಡಿದ ಮರ. ತೋಟದಲ್ಲಿ ಯಾವ ಮರ ಕೈಕೊಟ್ಟರೂ ಅದು ಕೊಟ್ಟಿದ್ದಿಲ್ಲ. ಅದರ ಕಾಯಿ ಕೆಡವಿದಾಗ ಬೇರೆ ರಾಶಿ ಹಾಕಿ, "ಇದು ಕೂಸಿನ ಮರದ್ದು" ಅಂತ ನಮ್ಮ ಮನೆಯ ಅಜ್ಜಿ ಮಾರಲು ಬಿಡುತ್ತಿರಲಿಲ್ಲ. ನುಸಿ ಬಂದ ವರ್ಷಗಳಲ್ಲಿ ಉಳಿದ ಮರಗಳ ಜೊತೆ ಅದರ ಕಾಯಿಯೂ ಸಣ್ಣದಾಗಿ, ಮೈಮೇಲೆ ಕಂದು ಗೀರು ಬಿದ್ದವು. ಆಮೇಲೆ ಕಾಂಡದಿಂದ ಕೆಂಪು ರಸ ಸೋರತೊಡಗಿತು. ಈಗ ಸುಳಿಯಿದೆ, ಕಾಯಿಲ್ಲ. ಬಚ್ಚಲಿಗೆ ಟೈಲ್ಸು ಹಾಕಿಸಿದಾಗ ನೀರನ್ನು ಪೈಪಿನಲ್ಲಿ ರಸ್ತೆಯ ಚರಂಡಿಗೆ ಬಿಟ್ಟರಲ್ಲ, ಅದಕ್ಕೇ ಹೀಗಾಯಿತು ಅನ್ನುವುದು ಅಕ್ಕನ ವಾದ. ತೋಟಗಾರಿಕೆಯವರು ಬೇರೆ ಕಾರಣ ಹೇಳಿದರು. ನಾನು ಅಕ್ಕನ ಕಡೆ.

ಹದಿಮೂರನೆಯ ದಿನ ಹೊಕ್ಕುಳು ಬಿತ್ತು. ಎರಡು ದಿನ ಬಿಟ್ಟು, ಬುಡ ಒಣಗಿದ್ದು ನೋಡಿಕೊಂಡು, ಎರೆಯುವುದು ಅಂತಾಯಿತು. ಅಳಿಯ ಪ್ಲಾಸ್ಟಿಕ್ ತೊಟ್ಟಿ ತಂದಿದ್ದ, ಜೊತೆಗೆ ನೀರಿನಲ್ಲಿ ತೇಲುವ ಬಾತುಕೋಳಿ. ಅದರ ಹೊಟ್ಟೆಯಲ್ಲಿ ಥರ್ಮಾಮೀಟರು. ಬಚ್ಚಲ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಟವೆಲ್ಲು ಬಿಚ್ಚಿಟ್ಟು, ಮೊದಲು ತಣ್ಣೀರು, ಆಮೇಲೆ ಗೀಸರಿನ ನೀರು ಹಾಕಿದೆವು. ಕೈಯಾಡಿಸಿದೆ. ನಾಲ್ಕು ಬೆರಳು ನೀರು ಸಾಕು ಅಂದಿದ್ದರು, ಅಷ್ಟೇ. ಬಾತುಕೋಳಿ ಮೂವತ್ತೇಳು ತೋರಿಸಿತು. ಫೋನನ್ನು ಬಕೆಟ್ಟಿಗೆ ಒರಗಿಸಿ ಅಕ್ಕನನ್ನೂ ಕರೆದಿದ್ದೆವು. ಆ ಸಣ್ಣ ಪರದೆಯಲ್ಲಿ ಅವಳ ಕನ್ನಡಕ ಮತ್ತು ಹಣೆ ಮಾತ್ರ ಕಾಣುತ್ತಿತ್ತು.

"ಬಾತುಕೋಳಿ ಹೇಳಿದ್ದು ಇರಲಿ, ಮೊಣಕೈ ಇಡು" ಅಂದಳು.

ಇಟ್ಟೆ. ಸರಿಯಿತ್ತು. ಬಳೆ ಬಿಚ್ಚಿ, ಉಂಗುರ ತೆಗೆದು, ಎಲ್ಲಿಡುವುದು ತಿಳಿಯದೆ ಸೆರಗಿಗೇ ಗಂಟು ಹಾಕಿಕೊಂಡೆ. ಕಾಲು ಚಾಚಿ ಕೂರಲು ನನ್ನ ಮಂಡಿ ಒಪ್ಪಲಿಲ್ಲ. ಸಣ್ಣ ಸ್ಟೂಲಿನ ಮೇಲೆ ಕೂತು ಎಡಗೈ ಮೇಲೆ ಕತ್ತು, ಭುಜ ಹಿಡಿದು ತೊಟ್ಟಿಗೆ ಇಳಿಸಿದೆ. ನೀರು ತಾಗಿದೊಡನೆ ಮೊಮ್ಮಗಳು ಎರಡೂ ಕೈ ಅಗಲಿಸಿ ಬೆಚ್ಚಿದಳು, ಆಮೇಲೆ ನನ್ನ ಬೆರಳು ಸಿಕ್ಕಿ ಸುಮ್ಮನಾದಳು. ಬಲಗೈಯಲ್ಲಿ ಮಗ್ಗು ತುಂಬಿ ಕಾಲಿನ ಮೇಲೆ ಬಿಟ್ಟೆ.

"ಲಾಭ" ಅಂತ ಬಾಯಿಗೆ ಬಂತು.

"ಏನಮ್ಮ ಲಾಭ?" ಅಂದಳು ಮಗಳು.

ನಾನು ಉತ್ತರ ಕೊಡುವ ಮೊದಲೇ ಬಕೆಟ್ಟಿನ ಕಡೆಯಿಂದ ಅಕ್ಕ ಕೂಗಿದಳು, "ಎರಡು!"